ಮೂಲೆಯ ಯಂತ್ರಗಳು ಕಲಿಸಿದ ಪಾಠ

ಇಂದಿನ ಮನೆಗಳಲ್ಲಿ ಸಂಜೆಯ ಹೊತ್ತು ಸಾಮಾನ್ಯವಾಗಿ ಕಾಣಸಿಗುವ ದೃಶ್ಯವಿದು. ಮಗ ಮೇಜಿನ ಮೇಲಿನ ಕಂಪ್ಯೂಟರಿನ ಮುಂದೆ ಕುಳಿತು ಪಾಠ ಬರೆಯುತ್ತಿದ್ದಾನೆ. ತಾಯಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೊಬೈಲ್ ಫೋನಿನಲ್ಲಿ ತವರಿನ ಕ್ಷೇಮಸಮಾಚಾರ ವಿಚಾರಿಸುತ್ತಿದ್ದಾಳೆ. ಮೇಜಿನ ಮೇಲಿರುವುದೂ ಗಣಕಯಂತ್ರವೇ, ಅಂಗೈಯಲ್ಲಿರುವುದೂ ಗಣಕಯಂತ್ರವೇ. ಆದರೆ ಒಂದೇ ಸೂರಿನಡಿ ಬಾಳುವ ಈ ಎರಡು ಯಂತ್ರಗಳು ಸಾಮಾನ್ಯವಾಗಿ ಒಂದರ ಮಾತನ್ನು ಒಂದು ಅರಿಯವು. ಮೇಜಿನ ಕಂಪ್ಯೂಟರಿಗೆಂದು ಸಿದ್ಧವಾದ ಪ್ರೋಗ್ರಾಮನ್ನು ಹಾಗೆಯೇ ತಂದು ಫೋನಿನೊಳಗೆ ಇಟ್ಟರೆ, ಅದು ಒಂದು ಹೆಜ್ಜೆಯನ್ನೂ ಇಡಲಾರದು.

ಹೀಗಿದ್ದರೂ ಆಂಡ್ರಾಯ್ಡ್ ಫೋನಿನ ಬುಡದಲ್ಲಿ ನಿಂತು ಅದರ ಸಕಲ ವ್ಯವಹಾರವನ್ನೂ ನಡೆಸುತ್ತಿರುವುದು ಲಿನಕ್ಸ್ ಎಂಬ ತಂತ್ರಾಂಶ. ಅದು ಹುಟ್ಟಿದ್ದಾದರೋ ಮೇಜಿನ ಮೇಲಿನ ಯಂತ್ರಕ್ಕಾಗಿ, ಅದರಲ್ಲಿಯೂ ಒಂದೇ ಒಂದು ಜಾತಿಯ ಪ್ರೊಸೆಸರಿಗಾಗಿ. ಅಲ್ಲಿಂದ ಅದು ತಾಯಿಯ ಅಂಗೈಯನ್ನು ಸೇರಿದ್ದು ಹೇಗೆ? ಆ ದಾರಿಯನ್ನು ಹಿಡಿದು ನಡೆದವರಿಗೆ ಎದುರಾಗುವುದು ಹೆಸರುವಾಸಿಯಾದ ಯಂತ್ರಗಳಲ್ಲ. ಮಾರುಕಟ್ಟೆ ಮರೆತ, ಹೆಚ್ಚು ಜನ ಬಯಸದ, ಮೂಲೆಗೆ ಸರಿದ ಯಂತ್ರಗಳು.

ಒಂದೇ ಅಡುಗೆಮನೆಯ ಪಾಕ

ಪ್ರತಿಯೊಂದು ಜಾತಿಯ ಪ್ರೊಸೆಸರಿಗೂ ತನ್ನದೇ ಆದ ಆಜ್ಞಾಭಾಷೆಯೊಂದಿದೆ. ಕೂಡು, ಕಳೆ, ಇಲ್ಲಿಂದ ತೆಗೆ, ಅಲ್ಲಿ ಇಡು ಎಂಬ ಸರಳ ಆಜ್ಞೆಗಳೇ ಅವು. ಆದರೆ ಅವನ್ನು ಸೂಚಿಸುವ ಅಂಕಿಗಳು ಜಾತಿಯಿಂದ ಜಾತಿಗೆ ಬೇರೆ. ಮನುಷ್ಯರು ಈ ಅಂಕಿಗಳಲ್ಲಿ ಬರೆಯುವುದಿಲ್ಲ. ಓದಬಲ್ಲ ಭಾಷೆಯೊಂದರಲ್ಲಿ ಮೂಲವನ್ನು ಬರೆಯುತ್ತಾರೆ. ಕಂಪೈಲರು ಎಂಬ ಇನ್ನೊಂದು ಪ್ರೋಗ್ರಾಮು ಅದನ್ನು ಯಂತ್ರದ ಅಂಕಿಗಳಿಗೆ ಇಳಿಸಿಕೊಡುತ್ತದೆ. ಮೂಲವನ್ನು ಎಚ್ಚರದಿಂದ ಬರೆದಿದ್ದರೆ, ಕಂಪೈಲರನ್ನು ಬದಲಾಯಿಸಿದರೆ ಸಾಕು, ಅದೇ ಬರಹ ಬೇರೊಂದು ಯಂತ್ರದಲ್ಲಿಯೂ ನಡೆಯಬೇಕು. ‘ಎಚ್ಚರದಿಂದ’ ಎಂಬ ಒಂದು ಮಾತಿನಲ್ಲಿಯೇ ಕಷ್ಟವೆಲ್ಲವೂ ಅಡಗಿದೆ.

ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ೧೯೯೧ರ ಜನವರಿಯಲ್ಲಿ, ಕಂತಿನ ಮೇಲೆ ಹಣ ತೆರುವ ಕರಾರಿನಿಂದ, ಇಂಟೆಲ್ ೩೮೬ ಪ್ರೊಸೆಸರಿನ ಕಂಪ್ಯೂಟರೊಂದನ್ನು ಕೊಂಡ. ಆಗ ಅವನಿಗೆ ಇಪ್ಪತ್ತೊಂದು ವರ್ಷ. ಆ ಯಂತ್ರದ ಒಳಗುಟ್ಟನ್ನೆಲ್ಲ ತಿಳಿಯುವ ಹಂಬಲದಿಂದ ಅದಕ್ಕೊಂದು ಕಾರ್ಯಾಚರಣ ವ್ಯವಸ್ಥೆಯನ್ನು ಬರೆಯತೊಡಗಿದ. ಅದೇ ವರ್ಷದ ಆಗಸ್ಟ್ ೨೫ರಂದು ಅದನ್ನು ಜಗತ್ತಿಗೆ ಪ್ರಕಟಿಸುವಾಗ, ಇದು ಕೇವಲ ಹವ್ಯಾಸದ ಕೆಲಸವೆಂದೂ, ೩೮೬ರ ವಿಶೇಷ ಸೌಲಭ್ಯಗಳನ್ನೇ ನೆಚ್ಚಿರುವುದರಿಂದ ಬೇರೆ ಯಂತ್ರಗಳಿಗೆ ಒಯ್ಯಲು ಬಾರದೆಂದೂ ಅವನೇ ತಿಳಿಸಿದ್ದ. ಒಂದೇ ಅಡುಗೆಮನೆಯ ಒಲೆ, ಪಾತ್ರೆ, ಅಳತೆಗಳಿಗೆ ಹೊಂದಿಸಿ ಬರೆದ ಪಾಕವಿಧಾನವಿದ್ದಂತೆ!

ಇದನ್ನು ಹಿರಿಯರು ಆಕ್ಷೇಪಿಸದೆ ಬಿಡಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ ೧೯೯೨ರ ಜನವರಿಯಲ್ಲಿ ಲಿನಕ್ಸಿನ ಮೇಲೆ ಹೊರಿಸಿದ ಆರೋಪಗಳಲ್ಲಿ ಇದೂ ಒಂದು. ಒಂದೇ ಜಾತಿಯ ಪ್ರೊಸೆಸರಿಗೆ ಇಷ್ಟು ಬಿಗಿಯಾಗಿ ಕಟ್ಟಿಹಾಕಿದ ವ್ಯವಸ್ಥೆ ಹಿಂದಡಿಯಿಟ್ಟಂತೆ ಎಂಬುದು ಅವರ ಮತ. ತರುಣ ಟೊರ್ವಾಲ್ಡ್ಸ್ ಬಿಟ್ಟುಕೊಡಲಿಲ್ಲ. ಹೊಸದನ್ನು ಬರೆಯಲಾರದವರಿಗೆ ಮಾತ್ರ ಹಳೆಯದನ್ನು ಹೊತ್ತು ತಿರುಗುವ ಗೊಡವೆ ಎಂಬರ್ಥದ ಚಟಾಕಿಯನ್ನೂ ಹಾರಿಸಿದ. ಆದರೆ ಮೂರು ವರ್ಷ ಕಳೆಯುವುದರೊಳಗೆ ಆ ಹೊರೆಯನ್ನು ಅವನೇ ಸಂತೋಷದಿಂದ ಹೊರುವಂತಾಯಿತು.

ಹೆಲ್ಸಿಂಕಿಗೆ ಬಂದ ಅತಿಥಿ

೧೯೯೪ರ ಮೇ ತಿಂಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸಭೆಯೊಂದರಲ್ಲಿ ಡಿಜಿಟಲ್ ಕಂಪನಿಯ ಜಾನ್ ಹಾಲ್ ಎಂಬವರು ಟೊರ್ವಾಲ್ಡ್ಸನನ್ನು ಭೇಟಿಯಾದರು. ಡಿಜಿಟಲ್ ಆಗ ‘ಆಲ್ಫಾ’ ಎಂಬ ಹೊಸ ಪ್ರೊಸೆಸರನ್ನು ತಯಾರಿಸುತ್ತಿತ್ತು. ೩೮೬ ಒಮ್ಮೆಗೆ ೩೨ ಬಿಟ್ಟುಗಳ ಸಂಖ್ಯೆಯನ್ನು ಎತ್ತಿದರೆ, ಆಲ್ಫಾ ೬೪ ಬಿಟ್ಟುಗಳ ಸಂಖ್ಯೆಯನ್ನು ಎತ್ತುತ್ತಿತ್ತು. ಹಾಲ್ ಅವರು ತಮ್ಮ ಕಂಪನಿಯನ್ನು ಒಪ್ಪಿಸಿ ಅಂತಹ ಯಂತ್ರವೊಂದನ್ನು ಹೆಲ್ಸಿಂಕಿಗೆ ಕಳುಹಿಸಿಕೊಟ್ಟರು. ಅದಕ್ಕೂ ಮೊದಲೇ ಅಮಿಗಾ ಮತ್ತು ಅಟಾರಿ ಯಂತ್ರಗಳ ಅಭಿಮಾನಿಗಳು ಲಿನಕ್ಸನ್ನು ಮೋಟೊರೊಲಾ ೬೮೦೦೦ ವಂಶದ ಪ್ರೊಸೆಸರುಗಳಿಗೆ ಒಯ್ದಿದ್ದರು. ಆದರೆ ಅದು ಬೇರೆ ಸಂಸಾರ ಹೂಡಿದ ಕವಲಾಗಿತ್ತು. ಮೂಲದ ಮನೆ ಇದ್ದಂತೆಯೇ ಇತ್ತು.

ಆಲ್ಫಾ ಬಂದ ಮೇಲೆ ಮೂಲದ ಮನೆಯನ್ನೇ ಕೆಡವಿ ಕಟ್ಟಬೇಕಾಯಿತು. ಯಾವ ಭಾಗ ಎಲ್ಲ ಯಂತ್ರಗಳಿಗೂ ಸಮಾನ, ಯಾವುದು ಒಂದೊಂದು ಯಂತ್ರಕ್ಕೆ ವಿಶಿಷ್ಟ ಎಂದು ಸಾಲುಸಾಲಾಗಿ ವಿಂಗಡಿಸಿ, ವಿಶಿಷ್ಟವಾದುದನ್ನು ಪ್ರತ್ಯೇಕ ಕೋಣೆಗಳಲ್ಲಿ ಇರಿಸಲಾಯಿತು. ೧೯೯೫ರ ಮಾರ್ಚಿಯಲ್ಲಿ ಹೊರಬಂದ ಲಿನಕ್ಸ್ ೧.೨ ಆವೃತ್ತಿ ಇಂಟೆಲ್ ಅಲ್ಲದೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಪ್ರೊಸೆಸರುಗಳಿಗೂ ಬಾಗಿಲು ತೆರೆದಿತ್ತು. ಆ ವಿಂಗಡಣೆ ಇಂದಿಗೂ ಉಳಿದಿದೆ. ಸುಮಾರು ಇಪ್ಪತ್ತು ಪ್ರೊಸೆಸರ್ ವಂಶಗಳಿಗೆ ಅಲ್ಲಿ ಒಂದೊಂದು ಕೋಣೆಯಿದೆ. ೨೦೦೩ರಲ್ಲಿ ಎಎಂಡಿ ಕಂಪನಿ ಇಂಟೆಲ್ ಜಾತಿಯ ಪ್ರೊಸೆಸರನ್ನೇ ೬೪ ಬಿಟ್ಟುಗಳಿಗೆ ಹಿಗ್ಗಿಸಿ ಮಾರುಕಟ್ಟೆಗೆ ತಂದಾಗ, ಲಿನಕ್ಸಿಗೆ ೬೪ ಬಿಟ್ಟುಗಳ ಬಾಳ್ವೆ ಹೊಸದಾಗಿರಲಿಲ್ಲ. ಕೆಲವೇ ಜನರ ಬಳಿಯಿದ್ದ ಆಲ್ಫಾ ಯಂತ್ರ ಸಾಮಾನ್ಯರ ಕಂಪ್ಯೂಟರಿಗೆ ಎಂಟು ವರ್ಷ ಮೊದಲೇ ಹಾದಿಯನ್ನು ಸವೆಸಿಟ್ಟಿತ್ತು.

ಇಪ್ಪತ್ತಮೂರೋ, ತ್ರಯೋವಿಂಶತಿಯೋ?

ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಪ್ರೋಗ್ರಾಮು ಬರೆಯುವವರಿಗೂ ಸಲ್ಲುತ್ತದೆ. ಒಂದೇ ಯಂತ್ರದಲ್ಲಿ ಬರೆದು ಒಂದೇ ಯಂತ್ರದಲ್ಲಿ ನಡೆಸುವವನು ಆ ಯಂತ್ರದ ಅಭ್ಯಾಸಗಳನ್ನೇ ಜಗದ ನಿಯಮವೆಂದು ನಂಬಿಬಿಡುತ್ತಾನೆ. ಹಿಂದೆ ಸೇರಿನ ಅಳತೆ ಸೀಮೆಯಿಂದ ಸೀಮೆಗೆ ಬೇರೆಯಾಗಿದ್ದುದನ್ನು ಹಿರಿಯರು ಬಲ್ಲರು. ಒಂದೂರಿನ ಸೇರನ್ನು ನೆಚ್ಚಿ ಹೇಳಿದ ಪಾಕ ಇನ್ನೊಂದೂರಿನಲ್ಲಿ ಉಪ್ಪಾಗುವುದು ಸಹಜ. ಮೆಮೊರಿಯ ವಿಳಾಸ ೩೨ ಬಿಟ್ಟುಗಳ ಪಾತ್ರೆಯಲ್ಲಿ ಹಿಡಿಯುತ್ತದೆಂದು ನಂಬಿ ಬರೆದ ಪ್ರೋಗ್ರಾಮುಗಳು ಆಲ್ಫಾದಲ್ಲಿ ವಿಳಾಸದ ಅರ್ಧವನ್ನು ಚೆಲ್ಲಿ ಮುಗ್ಗರಿಸಿದ್ದು ಇದೇ ಕಾರಣದಿಂದ.

ಇದಕ್ಕಿಂತ ವಿನೋದವಾದುದು ಅಂಕಿಗಳನ್ನು ಜೋಡಿಸುವ ಕ್ರಮ. ಕನ್ನಡದಲ್ಲಿ ‘ಇಪ್ಪತ್ತಮೂರು’ ಎನ್ನುವಾಗ ದೊಡ್ಡ ಸ್ಥಾನ ಮೊದಲು, ಚಿಕ್ಕದು ಅನಂತರ. ಸಂಸ್ಕೃತದಲ್ಲಿ ‘ತ್ರಯೋವಿಂಶತಿ’, ಮೂರು ಮೊದಲು, ಇಪ್ಪತ್ತು ಆಮೇಲೆ. ಎರಡೂ ಸರಿಯೇ. ಪ್ರೊಸೆಸರುಗಳಲ್ಲಿಯೂ ಈ ಎರಡು ಪಂಥಗಳಿವೆ. ೨೫೮ ಎಂಬ ಸಂಖ್ಯೆಯನ್ನು ಎರಡು ಬೈಟುಗಳಲ್ಲಿ ಬರೆಯುವಾಗ ಒಂದು ಪಂಥ ‘೧, ೨’ ಎಂದು ಇರಿಸುತ್ತದೆ. ಅಂದರೆ ಒಂದು ಸಲ ೨೫೬, ಅದಕ್ಕೆ ಕೂಡಿದ ೨. ಇಂಟೆಲ್ ಪಂಥ ಅದನ್ನೇ ‘೨, ೧’ ಎಂದು ಇರಿಸುತ್ತದೆ. ಒಬ್ಬರು ಬರೆದುದನ್ನು ಇನ್ನೊಬ್ಬರು ತಮ್ಮ ಕ್ರಮದಲ್ಲಿ ಓದಿದರೆ ೨೫೮ ಇದ್ದದ್ದು ೫೧೩ ಆಗುತ್ತದೆ! ಕಡತ ಹಾಳಾಗಿಲ್ಲ, ಯಂತ್ರ ಕೆಟ್ಟಿಲ್ಲ, ಲೆಕ್ಕ ಮಾತ್ರ ತಪ್ಪಿದೆ.

ಈ ಪಂಥಗಳಿಗೆ ಹೆಸರು ದೊರೆತ ಬಗೆಯೂ ಸ್ವಾರಸ್ಯಕರ. ಜೊನಾಥನ್ ಸ್ವಿಫ್ಟ್ ೧೭೨೬ರಲ್ಲಿ ಪ್ರಕಟಿಸಿದ ಗಲಿವರನ ಪ್ರವಾಸದ ಕಥೆಯಲ್ಲಿ, ಬೇಯಿಸಿದ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಚಿಕ್ಕ ತುದಿಯಿಂದ ಒಡೆಯಬೇಕೋ ಎಂದು ಕುಬ್ಜರು ಯುದ್ಧ ಹೂಡುತ್ತಾರೆ. ಡ್ಯಾನಿ ಕೋಹೆನ್ ಎಂಬ ವಿಜ್ಞಾನಿ ೧೯೮೦ರ ಏಪ್ರಿಲ್ ೧ರಂದು ಬರೆದ ಲೇಖನದಲ್ಲಿ ಆ ಕುಬ್ಜರ ಪಂಗಡಗಳ ಹೆಸರನ್ನೇ ಯಂತ್ರಗಳಿಗೆ ಅಂಟಿಸಿದರು. ಅವು ‘ಬಿಗ್ ಎಂಡಿಯನ್’, ‘ಲಿಟಲ್ ಎಂಡಿಯನ್’ ಎಂದೇ ನಿಂತವು. ಇಂದು ಮನೆಗಳಲ್ಲಿರುವ ಯಂತ್ರಗಳು ಬಹುಮಟ್ಟಿಗೆ ಚಿಕ್ಕ ತುದಿಯವು. ಆದರೆ ಐಬಿಎಂ ಕಂಪನಿಯ ಬೃಹದ್ಗಣಕಗಳು ೧೯೬೪ರಲ್ಲಿ ಪ್ರಕಟವಾದ ತಮ್ಮ ಮೂಲಪುರುಷನ ಕಾಲದಿಂದಲೂ ದೊಡ್ಡ ತುದಿಯವು. ಇಂಟರ್‌ನೆಟ್ಟಿನಲ್ಲಿ ಹರಿಯುವ ಪೊಟ್ಟಣಗಳ ತಲೆಬರಹದ ಅಂಕಿಗಳೂ ದೊಡ್ಡ ತುದಿಯ ಕ್ರಮದಲ್ಲಿಯೇ ಸಾಗುತ್ತವೆ. ಆದಕಾರಣ ಈ ಭೇದವನ್ನು ಯಾರೂ ಕಡೆಗಣಿಸುವಂತಿಲ್ಲ.

ಇನ್ನು ಕೆಲವು ಯಂತ್ರಗಳು ಕಟ್ಟುನಿಟ್ಟಿನ ಉಪಾಧ್ಯಾಯರಂತೆ. ನಾಲ್ಕು ಬೈಟುಗಳ ಸಂಖ್ಯೆಯೊಂದು ನಾಲ್ಕರಿಂದ ಭಾಗಿಸಬಲ್ಲ ವಿಳಾಸದಲ್ಲಿಯೇ ಕುಳಿತಿರಬೇಕೆಂಬುದು ಸ್ಪಾರ್ಕ್ ಪ್ರೊಸೆಸರಿನ ಶಾಸನ. ಇಂಟೆಲ್ ಪ್ರೊಸೆಸರು ಇಂತಹ ಅಶಿಸ್ತನ್ನು ಮೌನವಾಗಿ ಸಹಿಸಿಕೊಂಡರೆ, ಸ್ಪಾರ್ಕ್ ಪ್ರೋಗ್ರಾಮನ್ನು ಅಲ್ಲಿಯೇ ತಡೆದು ನಿಲ್ಲಿಸಿಬಿಡುತ್ತದೆ. ಒಂದು ಬೈಟಿನ ಅಕ್ಷರದ ವಿಷಯವನ್ನೇ ನೋಡಬಹುದು. ಇಂಟೆಲ್ ಯಂತ್ರದ ಸಿ ಭಾಷೆಯಲ್ಲಿ ಅದು ಋಣಸಂಖ್ಯೆಯಾಗಿಯೂ ಇರಬಲ್ಲದು. ಆರ್ಮ್ ಮತ್ತು ಪವರ್‌ಪಿಸಿ ಯಂತ್ರಗಳ ಲಿನಕ್ಸಿನಲ್ಲಿ ಸೊನ್ನೆಗಿಂತ ಕೆಳಗೆ ಇಳಿಯದು. ‘ಋಣ ಒಂದು ಕಂಡಾಗ ನಿಲ್ಲು’ ಎಂದು ಇಂಟೆಲ್ಲಿನವನು ಬರೆದರೆ, ಆರ್ಮಿನಲ್ಲಿ ಋಣ ಒಂದು ೨೫೫ ಆಗಿ ತೋರುತ್ತದೆ; ಪ್ರೋಗ್ರಾಮು ನಿಲ್ಲುವುದೇ ಇಲ್ಲ. ಕಡೆಗೆ ೨೦೨೩ರ ಫೆಬ್ರವರಿಯಲ್ಲಿ ಹೊರಬಂದ ಲಿನಕ್ಸ್ ೬.೨ ಆವೃತ್ತಿಯಲ್ಲಿ, ಎಲ್ಲ ಯಂತ್ರಗಳಲ್ಲಿಯೂ ಅಕ್ಷರವನ್ನು ಋಣವಿಲ್ಲದ ಸಂಖ್ಯೆಯೆಂದೇ ಎಣಿಸತಕ್ಕದ್ದೆಂಬ ಏಕರೂಪದ ನಿಯಮ ಬಂದಿತು. ಇಂಟೆಲ್ಲಿನ ರೂಢಿಯನ್ನು ಬಿಟ್ಟು ಇನ್ನೊಂದು ಪಕ್ಷದ ರೂಢಿಯನ್ನು ಎತ್ತಿಹಿಡಿದಂತಾಯಿತು.

ಇಂತಹ ದೋಷಗಳಲ್ಲಿ ಹಲವು ಪರಿಚಿತ ಯಂತ್ರದಲ್ಲಿಯೂ ಇದ್ದೇ ಇರುತ್ತವೆ; ತಲೆಯೆತ್ತದೆ ಮಲಗಿರುತ್ತವೆ, ಅಷ್ಟೆ. ಒಡವೆಯ ಚಿನ್ನ ಅಪ್ಪಟವೋ ಬೆರಕೆಯೋ ಎಂಬುದನ್ನು ಒರೆಗಲ್ಲು ಹೇಳುವಂತೆ, ಬರಹ ಗಟ್ಟಿಯೋ ಟೊಳ್ಳೋ ಎಂಬುದನ್ನು ಅಪರೂಪದ ಯಂತ್ರ ಹೇಳುತ್ತದೆ. ಒರೆಗಲ್ಲನ್ನು ಯಾರೂ ಕೊರಳಿಗೆ ಧರಿಸುವುದಿಲ್ಲ. ಆದರೂ ಅದಿಲ್ಲದ ಅಕ್ಕಸಾಲಿಗನ ಅಂಗಡಿಯನ್ನು ಯಾರೂ ನಂಬುವುದಿಲ್ಲ.

ಕಟ್ಟುವ ಕಷ್ಟ

ಮೂಲವನ್ನು ಒಂದು ಯಂತ್ರಕ್ಕೆ ಒಗ್ಗಿಸುವುದು ಒಂದು ಕೆಲಸವಾದರೆ, ಸಾವಿರಾರು ಪ್ರೋಗ್ರಾಮುಗಳನ್ನು ಆ ಯಂತ್ರಕ್ಕಾಗಿ ಕಟ್ಟಿ ಒದಗಿಸುವುದು ಇನ್ನೊಂದು. ಸ್ವಯಂಸೇವಕರೇ ನಡೆಸುವ ಡೆಬಿಯನ್ ಎಂಬ ಲಿನಕ್ಸ್ ವಿತರಣೆ ೧೯೯೮ರ ಜುಲೈನಲ್ಲಿ ಇಂಟೆಲ್ ಜೊತೆಗೆ ಮೋಟೊರೊಲಾ ೬೮೦೦೦ ವಂಶಕ್ಕೂ ತನ್ನ ಆವೃತ್ತಿಯನ್ನು ಹೊರತಂದಿತು. ಪ್ರತಿಯೊಂದು ಪ್ರೋಗ್ರಾಮನ್ನೂ ಅದು ನಡೆಯಬೇಕಾದ ಜಾತಿಯ ಯಂತ್ರದಲ್ಲಿಯೇ ಕಟ್ಟಬೇಕೆಂಬುದು ಡೆಬಿಯನ್ನಿನ ಪದ್ಧತಿ. ಕಟ್ಟುವಾಗಲೇ ಅದನ್ನು ನಡೆಸಿ ಪರೀಕ್ಷಿಸಲು ಆಗ ಅನುಕೂಲ. ಆದರೆ ಪ್ರೋಗ್ರಾಮುಗಳು ವರ್ಷದಿಂದ ವರ್ಷಕ್ಕೆ ಬೆಳೆದವು. ಹಳೆಯ ಅಮಿಗಾ, ಮ್ಯಾಕಿಂಟಾಷ್ ಯಂತ್ರಗಳ ವೇಗ ಬೆಳೆಯಲಿಲ್ಲ. ದೊಡ್ಡ ಪ್ರೋಗ್ರಾಮೊಂದನ್ನು ಕಟ್ಟಲು ಅವು ದಿನಗಟ್ಟಲೆ ಏದುಸಿರು ಬಿಡಬೇಕಾಯಿತು. ೨೦೦೭ರ ಏಪ್ರಿಲಿನಲ್ಲಿ ಡೆಬಿಯನ್ನಿನ ಹೊಸ ಆವೃತ್ತಿ ಹೊರಬಂದಾಗ ಅಧಿಕೃತ ಪಟ್ಟಿಯಲ್ಲಿ ೬೮೦೦೦ ವಂಶದ ಹೆಸರು ಇರಲಿಲ್ಲ.

ವೇಗದ ಯಂತ್ರದಲ್ಲಿ ಕುಳಿತು ನಿಧಾನದ ಯಂತ್ರಕ್ಕಾಗಿ ಕಟ್ಟಬಾರದೇಕೆ ಎಂದು ಓದುಗರು ಕೇಳಬಹುದು. ಕಟ್ಟಬಹುದು, ಹೊಸ ಪ್ರೊಸೆಸರೊಂದು ಹುಟ್ಟಿದಾಗ ಅದರ ಮೊದಲ ಕಂಪೈಲರನ್ನು ಬೇರೆ ಯಂತ್ರದಲ್ಲಿಯೇ ಕಟ್ಟದೆ ಗತ್ಯಂತರವಿಲ್ಲ. ಆದರೆ ಅನೇಕ ಪ್ರೋಗ್ರಾಮುಗಳು ಕಟ್ಟುವ ವೇಳೆಯಲ್ಲಿಯೇ ತಮ್ಮದೊಂದು ಪುಟ್ಟ ತುಣುಕನ್ನು ನಡೆಸಿ ‘ಈ ಯಂತ್ರದಲ್ಲಿ ಏನೇನಿದೆ?’ ಎಂದು ವಿಚಾರಿಸುತ್ತವೆ. ಬೇರೆ ಜಾತಿಯ ಆ ತುಣುಕು ಕಟ್ಟುವ ಯಂತ್ರದಲ್ಲಿ ನಡೆಯುವಂತಿಲ್ಲ. ಅಲ್ಲಿಗೆ ಕೆಲಸ ನಿಲ್ಲುತ್ತದೆ. ಇನ್ನೊಂದು ನಗೆಪಾಟಲಿನ ತೊಡಕೂ ಉಂಟು. ಯಂತ್ರದ ಹೆಸರನ್ನು ಗುರುತಿಸುವ ಪಟ್ಟಿಯೊಂದನ್ನು ಎಷ್ಟೋ ಪ್ರೋಗ್ರಾಮುಗಳು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಆ ಪಟ್ಟಿ ಹಳೆಯದಾಗಿದ್ದರೆ ಹೊಸ ಯಂತ್ರ ಬಾಗಿಲಲ್ಲಿ ನಿಂತಾಗ ‘ಈ ಹೆಸರಿನವರು ಯಾರೂ ಗೊತ್ತಿಲ್ಲ’ ಎಂದು ಕದ ಮುಚ್ಚುತ್ತವೆ. ಒಳಗಿನ ಬರಹದಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ!

ಈ ಇಕ್ಕಟ್ಟಿಗೆ ಒದಗಿದ ಉಪಾಯ ಅನುಕರಣ. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ೨೦೦೩ರಲ್ಲಿ ಹೊರತಂದ ಕ್ಯೂಎಮು ಎಂಬ ಪ್ರೋಗ್ರಾಮು, ಒಂದು ಯಂತ್ರದೊಳಗೆ ಇನ್ನೊಂದು ಜಾತಿಯ ಯಂತ್ರದ ವೇಷ ತೊಡಬಲ್ಲದು. ವೇಷವನ್ನು ಹೊತ್ತು ಕುಣಿಯುವಾಗ ವೇಗ ಕುಂದುವುದು ನಿಜ. ಆದರೆ ಇಂದಿನ ಕಂಪ್ಯೂಟರಿನ ಕುಂದಿದ ವೇಗವೂ ಮೂವತ್ತು ವರ್ಷಗಳ ಹಿಂದಿನ ಯಂತ್ರದ ನಿಜವಾದ ವೇಗವನ್ನು ಮೀರಿಸುತ್ತದೆ. ಪಟ್ಟಿಯಿಂದ ಬಿದ್ದುಹೋದ ೬೮೦೦೦ ವಂಶಕ್ಕೆ ಪ್ರೋಗ್ರಾಮುಗಳನ್ನು ಕಟ್ಟುವ ಕೆಲಸ ಡೆಬಿಯನ್ನಿನ ಅನಧಿಕೃತ ಶಾಖೆಯಲ್ಲಿ ಮತ್ತೆ ಚಿಗುರಿದುದು ಇಂತಹ ವೇಷಧಾರಿ ಯಂತ್ರಗಳ ನೆರವಿನಿಂದಲೇ.

ಮೂಲೆಯಿಂದ ಅಂಗೈಗೆ

ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಎಂಬ ಚಿಕ್ಕ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ ಪ್ರೊಸೆಸರು ೧೯೮೫ರ ಏಪ್ರಿಲಿನಲ್ಲಿ ಮೊದಲ ಬಾರಿಗೆ ಕೆಲಸ ಮಾಡಿತು. ಅದು ಎಷ್ಟು ವಿದ್ಯುತ್ತನ್ನು ಬಳಸುತ್ತದೆಂದು ಅಳೆಯಹೋದಾಗ ಮಾಪಕ ಸೊನ್ನೆಯನ್ನು ತೋರಿಸಿತಂತೆ. ವಿದ್ಯುತ್ತಿನ ತಂತಿಯನ್ನೇ ಜೋಡಿಸಿರಲಿಲ್ಲ. ಬೇರೆ ತಂತಿಗಳಿಂದ ಸೋರಿಬಂದ ಅಲ್ಪ ವಿದ್ಯುತ್ತಿನಿಂದಲೇ ಅದು ನಡೆಯುತ್ತಿತ್ತು! ಇದೇ ಆರ್ಮ್ ಪ್ರೊಸೆಸರಿನ ಮೊದಲ ರೂಪ. ಇಷ್ಟು ಮಿತಾಹಾರಿಯಾದ ಕೂಸನ್ನು ಲೋಕ ಆಗಲೇ ಗುರುತಿಸಿತೆಂದಲ್ಲ. ರಸೆಲ್ ಕಿಂಗ್ ಎಂಬ ಆಂಗ್ಲ ತರುಣ ೧೯೯೪ರಲ್ಲಿ ತನ್ನ ಏಕಾರ್ನ್ ಯಂತ್ರಕ್ಕೆ ಲಿನಕ್ಸನ್ನು ಒಗ್ಗಿಸತೊಡಗಿದಾಗ, ಆರ್ಮ್ ಲಿನಕ್ಸಿನ ಲೋಕದಲ್ಲಿ ಮೂಲೆಯ ಯಂತ್ರವೇ ಆಗಿತ್ತು.

ಹದಿನಾಲ್ಕು ವರ್ಷಗಳ ಬಳಿಕ, ೨೦೦೮ರಲ್ಲಿ, ಮೊದಲ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದಿತು. ಅದರ ಹೃದಯದಲ್ಲಿ ಆರ್ಮ್ ಪ್ರೊಸೆಸರು. ಅದರ ಮೇಲೆ ಲಿನಕ್ಸ್. ಇಂದು ಆಂಡ್ರಾಯ್ಡ್ ಫೋನು ಹಿಡಿದವರ ಅಂಗೈಯಲ್ಲಿ ಬಹುಮಟ್ಟಿಗೆ ಇದೇ ಜೋಡಿಯಿದೆ. ಯಾರಿಗೆ ಬೇಕು ಈ ಯಂತ್ರಕ್ಕೆ ಲಿನಕ್ಸ್ ಎಂದು ೧೯೯೪ರಲ್ಲಿ ಲೆಕ್ಕ ಹಾಕಿ ಕೈಬಿಟ್ಟಿದ್ದರೆ, ಆ ಜೋಡಿ ಕೂಡುವ ಹೊತ್ತಿಗೆ ಹಾದಿಯೇ ಇರುತ್ತಿರಲಿಲ್ಲ.

ಉಪಕಾರ ಅಲ್ಲಿಗೇ ಮುಗಿಯಲಿಲ್ಲ. ಆರ್ಮ್ ಪ್ರೊಸೆಸರುಗಳನ್ನು ಬಳಸುವ ಕಂಪನಿಗಳು ಹೆಚ್ಚಿದಂತೆಲ್ಲ, ಪ್ರತಿಯೊಂದು ಕಂಪನಿಯೂ ತನ್ನ ಯಂತ್ರದ ಒಳವಿವರಗಳನ್ನು ಲಿನಕ್ಸಿನ ಮೂಲದೊಳಗೇ ತುರುಕತೊಡಗಿತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂಬಂತಾಯಿತು. ೨೦೧೧ರಲ್ಲಿ ಟೊರ್ವಾಲ್ಡ್ಸ್ ಈ ಅವ್ಯವಸ್ಥೆಯನ್ನು ಕಟುವಾಗಿ ಟೀಕಿಸಿದರು. ಆಗ ನೆರವಿಗೆ ಬಂದದ್ದು ‘ಡಿವೈಸ್ ಟ್ರೀ’ ಎಂಬ ಪದ್ಧತಿ. ಯಂತ್ರದಲ್ಲಿ ಯಾವ ಭಾಗ ಎಲ್ಲಿದೆ ಎಂಬುದನ್ನು ವಂಶವೃಕ್ಷದಂತೆ ಬೇರೊಂದು ಪಟ್ಟಿಯಲ್ಲಿ ಬರೆದಿಟ್ಟು, ಲಿನಕ್ಸ್ ಏಳುವಾಗ ಆ ಪಟ್ಟಿಯನ್ನು ಅದರ ಕೈಗೆ ಕೊಡುವ ಕ್ರಮವದು. ಅದು ಬಂದದ್ದಾದರೂ ಎಲ್ಲಿಂದ? ಸ್ಪಾರ್ಕ್ ಮತ್ತು ಪವರ್‌ಪಿಸಿ ಯಂತ್ರಗಳಿಂದ! ಮನೆಮನೆಯ ಫೋನು ತನ್ನ ಅಂಗಾಂಗಗಳನ್ನು ಗುರುತಿಸಿಕೊಳ್ಳುವ ವಿದ್ಯೆಯನ್ನು, ಮನೆಗಳಿಂದ ಎಂದೋ ಮರೆಯಾದ ಯಂತ್ರಗಳು ಕಲಿಸಿದವು.

ದೀಪ ಹಚ್ಚುವವರು ಯಾರು?

ಹಾಗೆಂದು ಎಲ್ಲ ಯಂತ್ರಗಳನ್ನೂ ಎಂದೆಂದಿಗೂ ಸಾಕುವುದು ಸಾಧ್ಯವೇ? ಪ್ರತಿಯೊಂದು ಕೋಣೆಗೂ ಖರ್ಚಿದೆ. ಲಿನಕ್ಸಿನ ಒಡಲಿನಲ್ಲಿ ಒಂದು ತಿದ್ದುಪಡಿಯಾದರೆ ಎಲ್ಲ ಕೋಣೆಗಳಲ್ಲಿಯೂ ಅದಕ್ಕೆ ಹೊಂದಿಕೆಯಾಗಬೇಕು. ಒಂದು ಯಂತ್ರದಲ್ಲಿ ಯಾರೂ ನಡೆಸಿ ನೋಡದಿದ್ದರೆ ಅದರ ಬರಹ ಮುಚ್ಚಿಟ್ಟ ಮನೆಯಂತೆ ಸದ್ದಿಲ್ಲದೆ ಗೆದ್ದಲು ಹಿಡಿಯುತ್ತದೆ. ೨೦೧೮ರ ಜೂನಿನಲ್ಲಿ ಬಂದ ೪.೧೭ ಆವೃತ್ತಿಯಲ್ಲಿ ಬ್ಲ್ಯಾಕ್‌ಫಿನ್, ಟೈಲ್ ಮೊದಲಾದ ಎಂಟು ಪ್ರೊಸೆಸರ್ ವಂಶಗಳನ್ನು ಒಮ್ಮೆಗೇ ತೆಗೆದುಹಾಕಲಾಯಿತು. ಲಕ್ಷಗಟ್ಟಲೆ ಸಾಲುಗಳ ಬರಹ ಹೊರಬಿತ್ತು. ಆಕ್ಷೇಪಿಸಿ ಹೊಣೆ ಹೊರುವವರು ಮುಂದೆ ಬರಲಿಲ್ಲ.

ಈ ವಿಷಯದಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಯಾವ ೩೮೬ ಪ್ರೊಸೆಸರಿಗಾಗಿ ಲಿನಕ್ಸ್ ಹುಟ್ಟಿತೋ ಅದೇ ೩೮೬ಕ್ಕೆ ೨೦೧೨ರ ಡಿಸೆಂಬರಿನಲ್ಲಿ ವಿದಾಯ ಹೇಳಲಾಯಿತು. ೨೦೧೩ರ ಫೆಬ್ರವರಿಯ ೩.೮ ಆವೃತ್ತಿಯಿಂದ ಮುಂದೆ, ಕಂತಿನ ಮೇಲೆ ಕೊಂಡ ಆ ಮೊದಲ ಯಂತ್ರದಂತಹುದರಲ್ಲಿ ಹೊಸ ಲಿನಕ್ಸ್ ನಡೆಯದು. ಟೊರ್ವಾಲ್ಡ್ಸ್ ಕಣ್ಣೀರಿಡಲಿಲ್ಲ, ತಮಗೆ ಭಾವುಕತೆಯಿಲ್ಲವೆಂದು ಹೇಳಿ ಸಮ್ಮತಿಸಿದರು.

ಇದಕ್ಕಿಂತಲೂ ಸೋಜಿಗದ ಕಥೆ ಆಲ್ಫಾ ಮತ್ತು ಐಟೇನಿಯಂ ಪ್ರೊಸೆಸರುಗಳದು. ಡಿಜಿಟಲ್ ಕಂಪನಿಯನ್ನು ೧೯೯೮ರಲ್ಲಿ ಕಾಂಪಾಕ್ ಕೊಂಡಿತು. ೨೦೦೧ರಲ್ಲಿ ಕಾಂಪಾಕ್, ಮುಂದೆ ಆಲ್ಫಾವನ್ನು ಬಿಟ್ಟು ಇಂಟೆಲ್ಲಿನ ಹೊಸ ಐಟೇನಿಯಂ ಪ್ರೊಸೆಸರನ್ನೇ ನೆಚ್ಚುವುದಾಗಿ ಸಾರಿತು. ಭವಿಷ್ಯವೆಲ್ಲ ಐಟೇನಿಯಂದೇ ಎಂದು ಆಗ ನಂಬಿದವರು ಬಹಳ. ಅದರ ಕೊನೆಯ ಸರಬರಾಜು ೨೦೨೧ರ ಜುಲೈನಲ್ಲಿ ಮುಗಿಯಿತು. ಹೊಣೆ ಹೊರುವವರಿಲ್ಲದೆ, ೨೦೨೪ರ ಜನವರಿಯಲ್ಲಿ ಬಂದ ಲಿನಕ್ಸ್ ೬.೭ರಿಂದ ಅದರ ಕೋಣೆಯನ್ನೇ ಕೀಳಲಾಯಿತು. ಯಾವ ಆಲ್ಫಾವನ್ನು ಅದು ಬದಿಗೊತ್ತಿತೋ ಆ ಆಲ್ಫಾದ ಕೋಣೆಯಲ್ಲಿ ಆಗಲೂ ದೀಪ ಉರಿಯುತ್ತಿತ್ತು. ಅದೇ ವರ್ಷದ ಜುಲೈನಲ್ಲಿ, ಒಂಟಿ ಬೈಟನ್ನು ನೇರವಾಗಿ ಬರೆಯಲಾರದ ಅತಿ ಹಳೆಯ ಆಲ್ಫಾಗಳನ್ನು ಮಾತ್ರ ಕೈಬಿಟ್ಟು, ಉಳಿದವನ್ನು ಇಟ್ಟುಕೊಂಡರು. ಸೋತದ್ದು ಉಳಿಯಿತು, ಗೆದ್ದದ್ದು ಅಳಿಯಿತು. ಹಣವಾಗಲಿ ಪ್ರಚಾರವಾಗಲಿ ಇದನ್ನು ನಿರ್ಧರಿಸಲಿಲ್ಲ. ಯಂತ್ರವನ್ನು ಪ್ರೀತಿಸಿ ದಿನನಿತ್ಯದ ಚಾಕರಿ ಮಾಡುವ ನಾಲ್ಕು ಜನ ಉಂಟೋ ಇಲ್ಲವೋ ಎಂಬುದು ನಿರ್ಧರಿಸಿತು.

ಅಂತಹ ಪ್ರೀತಿಗೆ ೬೮೦೦೦ ವಂಶದ ಅಭಿಮಾನಿಗಳು ಉತ್ತಮ ನಿದರ್ಶನ. ಲಿನಕ್ಸ್ ಲೋಕದ ಮುಖ್ಯ ಕಂಪೈಲರಾದ ಜಿಸಿಸಿಯ ಒಳರಚನೆ ಬದಲಾಗುವಾಗ, ಹಳೆಯ ಶೈಲಿಯಲ್ಲಿಯೇ ಉಳಿದ ಪ್ರೊಸೆಸರ್ ಭಾಗಗಳನ್ನು ತೆಗೆದುಹಾಕಲಾಗುವುದೆಂದು ಎಚ್ಚರಿಕೆ ನೀಡಲಾಗಿತ್ತು. ೬೮೦೦೦ ಅದರಲ್ಲಿ ಒಂದು. ಕಂಪೈಲರಿನಿಂದ ಹೊರಬಿದ್ದರೆ ಮತ್ತೇನನ್ನೂ ಕಟ್ಟುವಂತಿಲ್ಲ; ಅದೇ ಮರಣಶಾಸನ. ೨೦೧೯ರಲ್ಲಿ ಅಭಿಮಾನಿಗಳು ತಮ್ಮತಮ್ಮಲ್ಲಿ ಹಣ ಕೂಡಿಸಿ ಬಹುಮಾನವನ್ನು ಘೋಷಿಸಿದರು. ಬಲ್ಲವರೊಬ್ಬರು ಅದೇ ವರ್ಷ ಆ ಕೆಲಸವನ್ನು ಪೂರೈಸಿದರು. ೧೯೭೯ರಲ್ಲಿ ಹುಟ್ಟಿದ ಪ್ರೊಸೆಸರಿನ ವಂಶ ತನ್ನ ನಲವತ್ತನೆಯ ವರ್ಷದಲ್ಲಿ ಹೀಗೆ ಮರುಜೀವ ಪಡೆಯಿತು. ಇದರಿಂದ ಲಾಭ ಗಳಿಸಿದ ಕಂಪನಿ ಯಾವುದೂ ಇಲ್ಲ.

ಹೊಸ ಅತಿಥಿಗೆ ಹಳೆಯ ಹಾದಿ

ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ೨೦೧೦ರಲ್ಲಿ ಆರಂಭವಾದ ರಿಸ್ಕ್-ಫೈವ್ ಎಂಬ ಆಜ್ಞಾಭಾಷೆಯ ವಿಶೇಷವೆಂದರೆ, ಅದು ಯಾವ ಕಂಪನಿಯ ಸೊತ್ತೂ ಅಲ್ಲ. ಯಾರು ಬೇಕಾದರೂ, ರಾಜಧನ ತೆರದೆ, ಆ ಭಾಷೆಯನ್ನು ಅರಿಯುವ ಪ್ರೊಸೆಸರನ್ನು ರಚಿಸಬಹುದು. ೨೦೧೮ರ ಜನವರಿಯಲ್ಲಿ ಹೊರಬಂದ ಲಿನಕ್ಸ್ ೪.೧೫ ಅದಕ್ಕೊಂದು ಕೋಣೆಯನ್ನು ಕೊಟ್ಟಿತು. ಯಂತ್ರಗಳು ವಿರಳವಾಗಿದ್ದ ಆ ದಿನಗಳಲ್ಲಿ ಕ್ಯೂಎಮುವಿನ ವೇಷದಲ್ಲಿಯೇ ಅದಕ್ಕೆ ಪ್ರೋಗ್ರಾಮುಗಳನ್ನು ಕಟ್ಟಿದರು. ೨೦೨೫ರ ಆಗಸ್ಟ್ ೯ರಂದು ಬಂದ ಡೆಬಿಯನ್ ೧೩ ಆವೃತ್ತಿ ರಿಸ್ಕ್-ಫೈವನ್ನು ಮೊದಲ ಬಾರಿಗೆ ಅಧಿಕೃತ ಪಟ್ಟಿಗೆ ಸೇರಿಸಿತು.

ಭಾರತಕ್ಕೂ ಈ ಕಥೆಯಲ್ಲಿ ಪಾಲಿದೆ. ಮದ್ರಾಸಿನ ಐಐಟಿಯಲ್ಲಿ ಪ್ರಾಧ್ಯಾಪಕ ವಿ. ಕಾಮಕೋಟಿ ಅವರ ನೇತೃತ್ವದಲ್ಲಿ ರೂಪುಗೊಂಡ ‘ಶಕ್ತಿ’ ಪ್ರೊಸೆಸರುಗಳು ರಿಸ್ಕ್-ಫೈವ್ ಭಾಷೆಯವು. ೨೦೧೮ರಲ್ಲಿ ಅವುಗಳ ಮೊದಲ ಚಿಪ್ಪುಗಳು ಅಮೆರಿಕದಲ್ಲಿ ಇಂಟೆಲ್ ಕಂಪನಿಯ ಕಾರ್ಖಾನೆಯಲ್ಲಿ ತಯಾರಾಗಿ ಬಂದಾಗ ಅವುಗಳ ಮೇಲೆ ಲಿನಕ್ಸ್ ಎದ್ದು ನಿಂತಿತು. ಅದೇ ವರ್ಷ ಚಂಡೀಗಢದ ಬಳಿಯ ಮೊಹಾಲಿಯ ಸರಕಾರಿ ಪ್ರಯೋಗಾಲಯದಲ್ಲಿಯೂ ಇನ್ನೊಂದು ಚಿಪ್ಪು ಸಿದ್ಧವಾಯಿತು. ಪ್ರೊಸೆಸರನ್ನು ಸ್ವದೇಶದಲ್ಲಿ ರಚಿಸುವುದು ಹಿರಿಯ ಸಾಧನೆಯೇ ಸರಿ. ಆದರೆ ಆ ಪ್ರೊಸೆಸರಿ‍ನ ಮೇಲೆ ನಡೆಯಲು ಒಂದು ಸಂಪೂರ್ಣ ವ್ಯವಸ್ಥೆ ಸಿದ್ಧವಾಗಿ ಕಾದಿರದಿದ್ದರೆ, ಅದು ಮಾತು ಬಾರದ ಕೂಸಾಗಿ ಉಳಿಯುತ್ತಿತ್ತು. ಆ ವ್ಯವಸ್ಥೆ ಅಷ್ಟು ಸುಲಭವಾಗಿ ಒಗ್ಗಿದ್ದು, ಅದಕ್ಕೆ ಮುನ್ನ ಆಲ್ಫಾ, ಸ್ಪಾರ್ಕ್, ಅಮಿಗಾಗಳ ಹತ್ತಾರು ಮನೆಗಳಲ್ಲಿ ಅದು ಉಂಡು, ಉಪವಾಸವಿದ್ದು, ಬೈಸಿಕೊಂಡು ಪಳಗಿದ್ದರಿಂದ.

ಮುಂದೆ ಯಾವ ಯಂತ್ರ ಮನೆಮನೆಯನ್ನು ಸೇರುವುದೋ, ಯಾವುದು ಮೂಲೆಗೆ ಸರಿಯುವುದೋ ಬಲ್ಲವರಾರು? ೧೯೯೪ರಲ್ಲಿ ಆರ್ಮ್ ವಿಷಯದಲ್ಲಿಯೂ ಯಾರೂ ಅರಿತಿರಲಿಲ್ಲ, ೨೦೦೧ರಲ್ಲಿ ಐಟೇನಿಯಂ ವಿಷಯದಲ್ಲಿಯೂ ಅರಿತಿರಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ತಾಯಿ ಮಾತು ಮುಗಿಸಿ ಫೋನನ್ನು ಗೂಡಿನಲ್ಲಿ ಇರಿಸುತ್ತಾಳೆ. ಅದು ಅಲ್ಲಿಗೆ ಬರಲೆಂದು, ಅದರ ಹೆಸರನ್ನೂ ಕೇಳದ ಕಾಲದಲ್ಲಿ, ಯಾರೋ ಕೆಲವರು ಮೂಲೆಯ ಯಂತ್ರವೊಂದರ ಮುಂದೆ ರಾತ್ರಿಯೆಲ್ಲ ಕುಳಿತಿದ್ದರು.